ಹಾವು ಹಿಡಿದದ್ದು ಎಲ್ಲರೂ ನೋಡಿದೆವು, ಬಿಟ್ಟದ್ದು ಎಲ್ಲಿ?

ಜೂನ್ ತಿಂಗಳ ಮೊದಲ ಮಳೆ ಬಿದ್ದ ಮರುದಿನ. ಕಲಬುರಗಿಯ ಹೊರವಲಯದಲ್ಲಿರುವ ನಮ್ಮ ಮನೆಯ ಕಾಂಪೌಂಡಿಗೆ ಒರಗಿಸಿಟ್ಟಿದ್ದ ಶಹಾಬಾದ್ ಪರಸಿಗಳ ಸಂದಿಯಿಂದ ಒಂದು ನಾಗರಹಾವು ಹೊರಗೆ ಬಂತು. ಮನೆ ಕಟ್ಟಿಸುವಾಗ ಉಳಿದ ಕಲ್ಲುಗಳು ಅವು. ಎರಡು ವರ್ಷದಿಂದ 'ಮುಂದಿನ ವಾರ ತೆಗೆಸಬೇಕು' ಅಂತ ಹೇಳುತ್ತಲೇ ಇದ್ದೆವು. ಹಾವನ್ನು ಮೊದಲು ನೋಡಿದ್ದು ಪಕ್ಕದ ಮನೆಯ ಕಾಕು. ಅವರು ಕೂಗಿದ ಐದೇ ನಿಮಿಷಕ್ಕೆ ಓಣಿಗೆ ಓಣಿಯೇ ಸೇರಿತು. ಒಬ್ಬರು ಬಡಿಗೆ ತಂದರು, ಇನ್ನೊಬ್ಬರು ಕೈ ಮುಗಿದರು, ಉಳಿದವರೆಲ್ಲ ಮೊಬೈಲ್ ತೆಗೆದರು.

ಯಾರೋ ಫೋನ್ ಮಾಡಿದ್ದಕ್ಕೆ ಹಾವು ಹಿಡಿಯುವ ಹುಡುಗ ಬೈಕ್ ಮೇಲೆ ಬಂದ. ಬಾಲ ಹಿಡಿದು ಎತ್ತಿದ. ಹೆಡೆ ಬಿಚ್ಚಿಸಿ, ಸುತ್ತ ನಿಂತವರಿಗೆಲ್ಲ ಒಂದು ಸುತ್ತು ತೋರಿಸಿದ. ಹತ್ತು ನಿಮಿಷದ ಷೋ. ಆಮೇಲೆ ದೊಡ್ಡದೊಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದ. ಮುಚ್ಚಳಕ್ಕೆ ಮೊಳೆ ಹೊಡೆದು ಮಾಡಿದ ನಾಲ್ಕು ತೂತು.

"ಎಲ್ಲಿ ಬಿಡ್ತೀಯಪಾ?" ಅಂತ ಕೇಳಿದೆ.

"ದೂರ ಅಡವ್ಯಾಗ ಬಿಡ್ತೀನ್ರೀ ಸರ. ತಿರುಗಿ ಬರಂಗಿಲ್ಲ, ಚಿಂತಿ ಮಾಡಬ್ಯಾಡ್ರಿ."

ನಮಗೆ ಬೇಕಾಗಿದ್ದೂ ಅಷ್ಟೇ. ಐನೂರು ರೂಪಾಯಿ ಕೊಟ್ಟು, ಚಹಾ ಕುಡಿಸಿ ಕಳಿಸಿದೆವು.

ಎಂಟನೇ ದಿನ ಅದೇ ಕಲ್ಲಿನ ಸಂದಿಯಲ್ಲಿ ಇನ್ನೊಂದು ನಾಗರಹಾವು.

ಆಗ ತಲೆಗೆ ಹುಳ ಬಿಟ್ಟುಕೊಂಡೆ. ಮೊಬೈಲಿನಲ್ಲಿ ನಾವು ನೋಡುವ ಹಾವು ಹಿಡಿಯುವ ವಿಡಿಯೋಗಳೆಲ್ಲ ಮುಚ್ಚಳ ಮುಚ್ಚಿದ ತಕ್ಷಣ ಮುಗಿಯುತ್ತವೆ. ಕೆಳಗೆ ನೂರಾರು ಚಪ್ಪಾಳೆ. ಹಾವಿನ ಮಟ್ಟಿಗೆ ಮಾತ್ರ ಕಥೆ ಆಗಷ್ಟೇ ಶುರು. ಅದು ಬದುಕುತ್ತದೋ ಸಾಯುತ್ತದೋ, ಇನ್ನೊಬ್ಬರ ಕಾಲ ಕೆಳಗೆ ಸಿಗುತ್ತದೋ ಅನ್ನುವುದೆಲ್ಲ ಡಬ್ಬಿ ಎಲ್ಲಿ ತೆರೆಯುತ್ತದೆ, ಯಾವಾಗ ತೆರೆಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಹಿಡಿಯುವವರ ಧೈರ್ಯದ ಬಗ್ಗೆ ನಾವು ಎಷ್ಟೋ ಮಾತಾಡುತ್ತೇವೆ. ಬಿಡುವ ಜಾಗದ ಬಗ್ಗೆ ಯಾರೂ ಒಂದು ಮಾತೂ ಕೇಳುವುದಿಲ್ಲ.

ಮೊದಲು ನಮ್ಮ ಊರುಗಳಿಗೆ ಹಾವು ಯಾಕೆ ಬರುತ್ತದೆ ಅಂತ ನೋಡೋಣ. ಕಲಬುರಗಿ ತೊಗರಿ ಕಣಜ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನುವ ಭೌಗೋಳಿಕ ಗುರುತು ಕೂಡ ಸಿಕ್ಕಿತು. ತೊಗರಿ ಇದ್ದಲ್ಲಿ ದಾಲ್‌ಮಿಲ್, ದಾಲ್‌ಮಿಲ್ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಇದಕ್ಕಿಂತ ಸರಳ ಲೆಕ್ಕ ಇನ್ನೊಂದಿಲ್ಲ. ಹಳ್ಳಿ ಮನೆಗಳ ಹಿತ್ತಲಲ್ಲಿ ಒಲೆಗೆ ಅಂತ ಕೂಡಿಟ್ಟ ತೊಗರಿ ಕಟ್ಟಿಗೆ, ಅದರ ಪಕ್ಕ ಕುಳ್ಳಿನ ರಾಶಿ, ಅದರಾಚೆ ಜೋಳದ ಕಣಿಕೆಯ ಬಣವೆ. ಮೂರೂ ಇಲಿಗೆ ಅರಮನೆ. ಬೇಸಿಗೆಯಲ್ಲಿ ಕರಿ ಮಣ್ಣು ಬಾಯಿಬಿಟ್ಟು ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಾವುಗಳು ಬಿಸಿಲು ತಪ್ಪಿಸಿಕೊಳ್ಳುವುದು ಅಲ್ಲೇ. ಮಳೆ ಬಿದ್ದರೆ ಆ ಬಿರುಕು ತುಂಬುತ್ತದೆ, ಒಳಗಿದ್ದದ್ದು ಹೊರಗೆ ಬರಲೇಬೇಕು.

ಜೊತೆಗೆ ನಮ್ಮ ಪರಸಿ ಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲಕ್ಕೂ ಪರಸಿ, ಗೋಡೆಗೂ ಪರಸಿ, ಹಳೆ ಮನೆಗಳಲ್ಲಿ ಮಾಳಿಗೆಗೂ ಪರಸಿ. ಎರಡು ಚಪ್ಪಡಿ ನಡುವಿನ ಸಂದಿ ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ತಂಪು. ಮೇ ತಿಂಗಳಲ್ಲಿ 43–44 ಡಿಗ್ರಿ ಇರುವಾಗ ನಾವು ಕೂಲರ್ ಮುಂದೆ ಕೂರುತ್ತೇವೆ, ಹಾವು ಬಚ್ಚಲಿಗೋ ನೀರಿನ ಗಡಿಗೆಯ ಬುಡಕ್ಕೋ ಬಂದು ಕೂರುತ್ತದೆ. ಇಬ್ಬರ ಆಸೆಯೂ ಒಂದೇ.

ಯಾದಗಿರಿಯ ಸುರಪುರ, ಶಹಾಪುರ ಕಡೆ ಕಾಲುವೆ ನೀರು ಬಂದ ಮೇಲೆ ಭತ್ತ ಬಂತು. ಭತ್ತದ ಜೊತೆ ಕಪ್ಪೆ, ಇಲಿ, ಅವುಗಳ ಹಿಂದೆ ಹಾವು. ಬೀದರ್ ಕಡೆ ಕಬ್ಬಿನ ಗದ್ದೆಗಳು. ಕಬ್ಬಿನ ರವದಿಯಲ್ಲಿ ಸುತ್ತಿ ಮಲಗಿದ ಕೊಳಕುಮಂಡಲ ನಾಲ್ಕು ಅಡಿ ದೂರದಿಂದಲೂ ಕಣ್ಣಿಗೆ ಬೀಳುವುದಿಲ್ಲ.

ಜನ ಎಲ್ಲ ಹಾವಿಗೂ ಹೆದರುತ್ತಾರೆ. ಹೆದರಬೇಕಾದದ್ದು ಮುಖ್ಯವಾಗಿ ನಾಲ್ಕಕ್ಕೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಾಗರಹಾವಿನ ಬಗ್ಗೆ ಹೇಳುವುದೇ ಬೇಡ, ಅದು ತಾನೇ ಹೆಡೆ ಎತ್ತಿ ಹೇಳಿಬಿಡುತ್ತದೆ. ಕೊಳಕುಮಂಡಲವೂ ಕುಕ್ಕರ್ ಹಬೆ ಬಿಟ್ಟಂತೆ ಬುಸುಗುಟ್ಟಿ ಎಚ್ಚರಿಸುತ್ತದೆ. ಅದರ ಬೆನ್ನ ಮೇಲೆ ಸರಪಳಿ ಹಾಸಿದ ಹಾಗೆ ಕಂದು ಬಣ್ಣದ ಉದ್ದುದ್ದ ಮಚ್ಚೆಗಳು. ಇದನ್ನ ಹೆಬ್ಬಾವಿನ ಮರಿ ಅಂದುಕೊಂಡು ಕೈ ಹಾಕಿ ಸತ್ತವರಿದ್ದಾರೆ. ಗರಗಸಮಂಡಲ ಇನ್ನೂ ಮೋಸ. ಉದ್ದ ಒಂದು ಅಡಿ, ಒಂದೂವರೆ ಅಡಿ. ಕಲ್ಲು ನೆಲವೇ ಅದಕ್ಕೆ ಇಷ್ಟ. ಹಗಲು ಹೊತ್ತು ಕಲ್ಲಿನ ಕೆಳಗೆ ಇರುತ್ತದೆ. ಕೆಣಕಿದರೆ ಮೈಯನ್ನು ಮೈಗೇ ಉಜ್ಜಿ ಗರಗಸ ಎಳೆದಂತೆ ಸದ್ದು ಮಾಡುತ್ತದೆ. 'ಸಣ್ಣ ಹಾವು, ಏನು ಮಾಡುತ್ತೆ ಬಿಡು' ಅನ್ನುವ ಮಾತೇ ಇಲ್ಲಿ ಅಪಾಯ.

ನನ್ನನ್ನ ಕೇಳಿದರೆ ನಾಲ್ಕರಲ್ಲಿ ಮನೆಯೊಳಗೆ ಅತಿ ಹೆಚ್ಚು ಭಯ ಪಡಬೇಕಾದದ್ದು ಕಟ್ಟುಹಾವಿಗೆ. ಬುಸುಗುಡುವುದಿಲ್ಲ, ಹೆಡೆ ಇಲ್ಲ, ಹಗಲಲ್ಲಿ ಮುದುಡಿಕೊಂಡು ಬಿದ್ದಿರುತ್ತದೆ. ರಾತ್ರಿ ಇಲಿ, ಹಲ್ಲಿ ಹುಡುಕುತ್ತಾ ಒಳಗೆ ಬರುತ್ತದೆ. ನೆಲದ ಮೇಲೆ ಹಾಸಿಕೊಂಡು ಮಲಗಿದವರು ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ. ಎಷ್ಟೋ ಸಲ ಕಚ್ಚಿದ ನೋವೂ ಗೊತ್ತಾಗುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು ಅಂತ ಏಳುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಉಸಿರು ಕಟ್ಟುತ್ತದೆ. ರಾತ್ರಿ ಉಂಡ ಊಟ ಕೆಟ್ಟಿರಬೇಕು ಅಂತ ಸೋಡಾ ಕುಡಿಸುತ್ತಾ ಕೂತರೆ ಹೊತ್ತು ಹೋಗಿಬಿಡುತ್ತದೆ.

ಕಟ್ಟುಹಾವಿನ ಹಾಗೇ ಕಾಣುವ ಇನ್ನೊಂದಿದೆ, ತೋಳದ ಹಾವು. ವಿಷ ಇಲ್ಲ, ಗೋಡೆ ಹತ್ತಿ ಹಲ್ಲಿ ಹಿಡಿಯುತ್ತದೆ. ಕಟ್ಟುಹಾವಿನ ಬಿಳಿ ಪಟ್ಟಿಗಳು ತೆಳ್ಳಗೆ, ಸಾಮಾನ್ಯವಾಗಿ ಜೋಡಿ ಜೋಡಿಯಾಗಿ ಇರುತ್ತವೆ. ಬಾಲದ ಕಡೆ ಎದ್ದು ಕಾಣುತ್ತವೆ, ಕುತ್ತಿಗೆ ಕಡೆ ಮಾಸುತ್ತವೆ. ತೋಳದ ಹಾವಿಗೆ ಉಲ್ಟಾ: ಕುತ್ತಿಗೆಯಿಂದಲೇ ದಟ್ಟವಾಗಿ ಶುರುವಾಗಿ ಬಾಲದ ಕಡೆ ಮಾಸುತ್ತವೆ. ಇದನ್ನ ಓದಿ ಯಾರೂ ಹತ್ತಿರ ಹೋಗಿ ಪಟ್ಟಿ ಎಣಿಸಲು ಕೂರಬೇಡಿ. ಪಳಗಿದವರೂ ಇಲ್ಲಿ ತಪ್ಪುತ್ತಾರೆ. ಗೊತ್ತಿಲ್ಲದ ಹಾವೆಲ್ಲ ವಿಷದ ಹಾವು ಅಂದುಕೊಂಡರೆ ಯಾರಿಗೂ ನಷ್ಟವಿಲ್ಲ, ಹೊಡೆಯದಿದ್ದರೆ ಹಾವಿಗೂ ನಷ್ಟವಿಲ್ಲ.

ಹೊಡೆಯುವ ಮಾತು ಬಂದದ್ದಕ್ಕೆ ಕಾನೂನಿನ ಬಗ್ಗೆ ಎರಡು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಾವುಗಳಿಗೂ ರಕ್ಷಣೆ ಕೊಡುತ್ತದೆ. ಅಲ್ಲೊಂದು ವಿಶೇಷ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕಾಯ್ದೆಯಲ್ಲಿ 'ಬೇಟೆ' ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದೂ ಬೇಟೆಯೇ. ಅಂದರೆ ಅನುಮತಿ ಇಲ್ಲದೆ ಹಾವು ಹಿಡಿದು ಡಬ್ಬಿಗೆ ಹಾಕುವ ಹುಡುಗ, ಅವನ ಮನಸ್ಸು ಎಷ್ಟೇ ಒಳ್ಳೆಯದಿದ್ದರೂ, ಕಾಗದದ ಮೇಲೆ ತಪ್ಪಿತಸ್ಥನೇ. ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಕೊಂದರೆ ಅದು ಅಪರಾಧ ಅಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಕಾಂಪೌಂಡ್ ಪಕ್ಕ ತನ್ನ ಪಾಡಿಗೆ ಹೋಗುತ್ತಿದ್ದ ಕೇರೆ ಹಾವನ್ನು ಅಟ್ಟಿಸಿಕೊಂಡು ಹೋಗಿ ಬಡಿಯುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಸರಿಯಾದ ದಾರಿ ಅಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡುವುದು.

ಈಗ ಅಸಲಿ ಪ್ರಶ್ನೆಗೆ ಬರೋಣ. 'ದೂರ ಅಡವ್ಯಾಗ' ಅಂದರೆ ಎಲ್ಲಿ?

ಹಾವು ಒಂದು ಜಾಗದಲ್ಲಿ ಸುಮ್ನೆ ಅಲೆದಾಡುವ ಪ್ರಾಣಿ ಅಲ್ಲ. ಯಾವ ಬಿಲದಲ್ಲಿ ಇಲಿ ಇದೆ, ಬಿಸಿಲು ಏರಿದಾಗ ಯಾವ ಸಂದಿಗೆ ನುಗ್ಗಬೇಕು, ಮುಂಗುಸಿ ಯಾವ ಕಡೆಯಿಂದ ಬರುತ್ತದೆ, ಇದೆಲ್ಲ ಅದಕ್ಕೆ ತನ್ನ ಸೀಮೆಯಲ್ಲಿ ಬಾಯಿಪಾಠ. ಅದನ್ನ ಎತ್ತಿ ಇಪ್ಪತ್ತು ಕಿಲೋಮೀಟರ್ ಆಚೆ ಬಿಟ್ಟರೆ, ಭಾಷೆ ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಹೊತ್ತು ಇಳಿಸಿ, ಜೇಬು ಕತ್ತರಿಸಿ ಬಿಟ್ಟ ಹಾಗೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಗಿಲಕಿ ಹಾವುಗಳನ್ನ (ಬಾಲ ಅಲುಗಿಸಿ ಸದ್ದು ಮಾಡುವ ರ‍್ಯಾಟಲ್‌ಸ್ನೇಕ್) ಹೀಗೆ ದೂರ ಸಾಗಿಸಿ, ರೇಡಿಯೋ ಮೂಲಕ ಹಿಂಬಾಲಿಸಿ ನೋಡಿದರು. ಫಲಿತಾಂಶ ಪ್ರಕಟವಾದದ್ದು 1999ರಲ್ಲಿ. ಸಾಗಿಸಿದ ಹಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಅಲ್ಲೇ ಹುಟ್ಟಿ ಬೆಳೆದವುಗಳಲ್ಲಿ ಸತ್ತದ್ದು ಸುಮಾರು ಹತ್ತರಲ್ಲಿ ಒಂದು. ನಮ್ಮ ಆಗುಂಬೆಯಲ್ಲೂ ಕಾಳಿಂಗ ಸರ್ಪಗಳ ಮೈಯೊಳಗೆ ಪುಟ್ಟ ರೇಡಿಯೋ ಸಾಧನ ಇಟ್ಟು ಹಿಂದೆ ಹೋದವರಿದ್ದಾರೆ. ಅಲ್ಲಿಯ ಹಾವು ತನ್ನ ಜಾಗದಲ್ಲೇ ಸುತ್ತಾಡಿಕೊಂಡಿತ್ತು. ಬೇರೆ ಕಡೆ ಒಯ್ದು ಬಿಟ್ಟದ್ದು ಎಲ್ಲೂ ನೆಲೆ ನಿಲ್ಲದೆ ಒಂದೇ ದಿಕ್ಕಿಗೆ ಹೋಗುತ್ತಲೇ ಇತ್ತು.

ಗಿಲಕಿ ಹಾವು ಬೇರೆ, ನಾಗರಹಾವು ಬೇರೆ, ನಿಜ. ಆದರೆ ಅಲೆದಾಡುವ ಹಾವು ಜಾಸ್ತಿ ರಸ್ತೆ ದಾಟುತ್ತದೆ, ಜಾಸ್ತಿ ಮನೆ ಹೊಕ್ಕುತ್ತದೆ, ಜಾಸ್ತಿ ಜನಕ್ಕೆ ಕಾಣಿಸುತ್ತದೆ ಅನ್ನುವುದಕ್ಕೆ ಪಾಂಡಿತ್ಯ ಬೇಕಿಲ್ಲ, ಅಲ್ವಾ?

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ. ಹಾವು ಅಂದರೆ ಕಾಡಿನದು, ಅದಕ್ಕೇ ಕಾಡಿಗೆ ಬಿಡಬೇಕು ಅಂತ. ಕಲಬುರಗಿ ಜಿಲ್ಲೆಯಲ್ಲಿ ಕಾಡು ಅಂತ ಇರುವುದೇ ಕಡಿಮೆ, ಚಿಂಚೋಳಿ ಕಡೆ ಸ್ವಲ್ಪ ಇದೆ, ಅಲ್ಲಿ ವನ್ಯಜೀವಿ ಧಾಮವೂ ಇದೆ. ನಗರದ ಹಾವುಗಳನ್ನೆಲ್ಲ ಅಲ್ಲಿಗೆ ಒಯ್ದು ಬಿಟ್ಟರೆ ಪುಣ್ಯ ಅಂದುಕೊಳ್ಳುವವರಿದ್ದಾರೆ. ತೊಗರಿ ಹೊಲದ ಇಲಿ ತಿಂದು ಬೆಳೆದ ನಾಗರಹಾವಿಗೆ ಆ ಕಾಡು ಪರದೇಶ. ಅದರ ಮನೆ ಹೊಲವೇ, ಬದುವೇ, ಹಳ್ಳದ ದಂಡೆಯೇ.

ಹೆಚ್ಚಿನವರು ಅಷ್ಟು ದೂರ ಹೋಗುವುದೂ ಇಲ್ಲ ಅನ್ನಿ. ಪೆಟ್ರೋಲ್ ಯಾರು ಕೊಡುತ್ತಾರೆ? ಊರಾಚೆ ಯಾವುದೋ ಒಂದು ಗುಡ್ಡ, ಇಲ್ಲ ಕೆರೆ ಹಿಂದಿನ ಬಯಲು. ವಾರದಲ್ಲಿ ಹಿಡಿದದ್ದೆಲ್ಲ ಅಲ್ಲಿಗೇ. ಲೇಔಟಿನವರಿಗೆ ಅದು 'ಅಡವಿ'. ಅಲ್ಲಿ ಕುರಿ ಕಾಯುವ ಹುಡುಗನಿಗೆ ಅದು ಅಡವಿ ಅಲ್ಲ, ದಿನದ ದಾರಿ. ಡಿಸೆಂಬರ್–ಜನವರಿಯಲ್ಲಿ ಬಗ್ಗಿ ತೊಗರಿ ಕೊಯ್ಯುವ ಹೆಣ್ಣುಮಕ್ಕಳ ಕಾಲಲ್ಲಿ ಹೆಚ್ಚೆಂದರೆ ಹವಾಯಿ ಚಪ್ಪಲಿ. ನಮ್ಮ ಗ್ರಾನೈಟ್ ಮೆಟ್ಟಿಲಿನ ಕೆಳಗಿಂದ ತೆಗೆದ ಹಾವನ್ನು ನಾವು ಅವರ ಹೊಲದ ಬದುವಿಗೆ ಬಿಟ್ಟು ಬಂದು ಪರಿಸರ ಪ್ರೇಮಿಗಳಾಗುತ್ತೇವೆ. ಈ ಮಾತು ಯಾಕೋ ಯಾರೂ ಎತ್ತುವುದಿಲ್ಲ. ಹೇಳಲು ನನಗೂ ಮುಜುಗರ, ಯಾಕೆಂದರೆ ಐನೂರು ರೂಪಾಯಿ ಕೊಟ್ಟು ಕೈ ತೊಳೆದುಕೊಂಡವನು ನಾನೇ.

ಲೆಕ್ಕ ನೋಡಿದರೆ ಈ ಮುಜುಗರ ಇನ್ನೂ ಹೆಚ್ಚಾಗುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58 ಸಾವಿರ. ಹೆಚ್ಚಿನವರೆಲ್ಲ ಹಳ್ಳಿಗರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಬಿತ್ತನೆ, ಕಳೆ ತೆಗೆಯುವ ಹೊತ್ತಿನಲ್ಲಿ. ಹೆಚ್ಚು ಸಾವಿನ ರಾಜ್ಯಗಳ ಪಟ್ಟಿಯಲ್ಲಿ ನಮ್ಮ ಪಕ್ಕದ ತೆಲಂಗಾಣವೂ ಸೇರಿದೆ. ಸೇಡಂ ದಾಟಿದರೆ ಅದೇ ಮಣ್ಣು, ಅದೇ ಬೆಳೆ, ಅದೇ ಹಾವು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ 2024ರ ಫೆಬ್ರವರಿಯಲ್ಲಿ ಒಂದು ಒಳ್ಳೆ ಕೆಲಸ ಮಾಡಿತು: ಯಾವ ಆಸ್ಪತ್ರೆಗೆ ಹಾವು ಕಚ್ಚಿದವರು ಬಂದರೂ ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆದೇಶ ಹೊರಡಿಸಿತು. ಮರು ತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು.

ಹೀಗಾಗಿ ಕಚ್ಚಿದ ಹಾವಿಗೆ ಈಗ ಲೆಕ್ಕ ಇದೆ. ಹಿಡಿದ ಹಾವಿಗೆ? ನಮ್ಮ ಓಣಿಗೆ ಮೊದಲು ಬಂದ ಹುಡುಗ ಏನನ್ನೂ ಬರೆದುಕೊಳ್ಳಲಿಲ್ಲ. ನಾವೂ ಕೇಳಲಿಲ್ಲ. ಯಾವ ಓಣಿಯಲ್ಲಿ ಯಾವ ಹಾವು ಯಾವ ತಿಂಗಳಲ್ಲಿ ಜಾಸ್ತಿ ಸಿಗುತ್ತದೆ, ಎಲ್ಲಿ ಬಿಟ್ಟರು ಅನ್ನುವುದು ಕೈಯಲ್ಲಿದ್ದರೆ ಯಾವ ಆಸ್ಪತ್ರೆಯಲ್ಲಿ ಎಷ್ಟು ಔಷಧ ಇಡಬೇಕು ಅನ್ನುವುದಕ್ಕೂ ಅದು ನೆರವಾಗುತ್ತದೆ.

ಎರಡನೇ ಸಲ ನಾನು ಬೇರೆಯವರನ್ನ ಕರೆಸಿದೆ. ಐವತ್ತರ ಆಸುಪಾಸಿನವರು. ಬಂದವರೇ ಹಾವು ನೋಡಲಿಲ್ಲ, ಕಲ್ಲು ನೋಡಿದರು. "ಇಲಿ ಅವ ಏನ್ರೀ ಮನ್ಯಾಗ?" ಅಂತ ಕೇಳಿದರು. ನಾನು ತಲೆ ಕೆರೆದುಕೊಂಡೆ. ಬೈಕಿನಿಂದ ಮೂರು ಅಡಿ ಉದ್ದದ ಪಿವಿಸಿ ಪೈಪು ತಂದರು. ಅದರ ಒಂದು ತುದಿಗೆ ಕಪ್ಪು ಬಟ್ಟೆಯ ಚೀಲ ಕಟ್ಟಿದ್ದರು. ಪೈಪಿನ ಬಾಯಿಯನ್ನು ನೆಲಕ್ಕೆ ತಾಗಿಸಿ, ಕಲ್ಲಿನ ಸಂದಿಯ ಎದುರಿಗೆ ಇಟ್ಟರು. ಇನ್ನೊಂದು ಕೈಯಲ್ಲಿ ಕೊಕ್ಕೆ. ಹಾವನ್ನು ಎತ್ತಲಿಲ್ಲ, ಎಳೆಯಲಿಲ್ಲ. ಬಾಲದ ಹತ್ತಿರ ಕೊಕ್ಕೆ ತಾಗಿಸಿದರು ಅಷ್ಟೇ. ಹೆದರಿದ ಹಾವಿಗೆ ಬೇಕಾದದ್ದು ಒಂದು ಕತ್ತಲ ಬಿಲ. ಎದುರಿಗೇ ಒಂದು ಕಾಣಿಸಿತು. ತಲೆ ಹಾಕಿತು, ನಿಂತಿತು, ನಾಲಿಗೆ ಎರಡು ಸಲ ಹೊರಗೆ ಬಂತು, ಆಮೇಲೆ ಇಡೀ ಹಾವು ತಾನಾಗಿಯೇ ಒಳಗೆ ಹರಿದು ಹೋಯಿತು. ಚೀಲ ತಿರುಚಿ ಗಂಟು ಹಾಕಿದರು. ನಾಲ್ಕು ನಿಮಿಷ. ಹೆಡೆಯೂ ಇಲ್ಲ, ಬುಸುಗುಟ್ಟಿದ್ದೂ ಇಲ್ಲ. ವಿಡಿಯೋ ಮಾಡಲು ಬಂದವರು 'ಇಷ್ಟೇನಾ' ಅಂತ ಮುಖ ಸಣ್ಣ ಮಾಡಿಕೊಂಡು ಹೋದರು.

ಬಾಲ ಹಿಡಿದು ತೂಗಾಡಿಸಿದರೆ ಏನಾಗುತ್ತದೆ ಅಂತ ಅವರೇ ಹೇಳಿದರು. ಹಾವಿನ ಮೈ ಅಂದರೆ ನೂರಾರು ಸಣ್ಣ ಎಲುಬಿನ ಸಾಲು. ಇಡೀ ಭಾರ ಬಾಲದ ಮೇಲೆ ಬಿದ್ದರೆ ಬೆನ್ನಿನ ಕೀಲು ತಪ್ಪಬಹುದು. ಇಕ್ಕಳದಂಥ ಸಾಧನದಿಂದ ಕುತ್ತಿಗೆ ಅದುಮಿದರೆ ಪಕ್ಕೆಲುಬು ಮುರಿಯಬಹುದು. ಹೊರಗೆ ಗಾಯ ಕಾಣುವುದಿಲ್ಲ. ಬಿಟ್ಟಾಗ ಹರಿದು ಹೋಗುತ್ತದೆ, ನಾವು ಖುಷಿ ಪಡುತ್ತೇವೆ, ಅದು ಆಮೇಲೆ ಬೇಟೆಯಾಡಲಾರದೆ ಸಾಯಬಹುದು. ಡಬ್ಬಿಯ ಕಥೆಯೂ ಹಾಗೇ. ಹಾವಿಗೆ ತನ್ನ ಮೈ ಬಿಸಿಯನ್ನು ತಾನೇ ಹದ ಮಾಡಿಕೊಳ್ಳುವ ಶಕ್ತಿ ಇಲ್ಲ. ಕಲಬುರಗಿಯ ಮೇ ಬಿಸಿಲಲ್ಲಿ, ಬೈಕಿನ ಟ್ಯಾಂಕ್ ಮೇಲೆ ಇಟ್ಟ ಪ್ಲಾಸ್ಟಿಕ್ ಡಬ್ಬಿ ಅಂದರೆ ಒಲೆ ಮೇಲಿಟ್ಟ ಪಾತ್ರೆ. ನಾಲ್ಕು ತೂತಿನಿಂದ ಗಾಳಿ ಬರಬಹುದು, ತಂಪು ಬರುವುದಿಲ್ಲ.

ಹಾವು ಹಿಡಿಯುವವರನ್ನ ಬೈಯುವುದು ಸುಲಭ, ನನಗೆ ಆ ಆಸೆ ಇಲ್ಲ. ನಮ್ಮ ಕಡೆ ಊರಿಗೊಬ್ಬ 'ಸ್ನೇಕ್' ಅನ್ನುವ ಅಡ್ಡಹೆಸರಿನವ ಇರುತ್ತಾನೆ. ಹಗಲು ಗ್ಯಾರೇಜ್, ಆಟೋ, ಮೊಬೈಲ್ ಅಂಗಡಿ, ರಾತ್ರಿ ಹನ್ನೆರಡಕ್ಕೆ ಫೋನ್ ಬಂದರೆ ಎದ್ದು ಹೋಗುವುದು. ತರಬೇತಿ ಇಲ್ಲ, ಕೈಗವಸು ಇಲ್ಲ, ವಿಮೆ ಇಲ್ಲ. ಕಚ್ಚಿದರೆ ಹೆಂಡತಿ ಮಕ್ಕಳಿಗೆ ಏನೂ ಇಲ್ಲ. ಅವನ ಸಂಪಾದನೆ ಅಂದರೆ ನಾವು ಕೊಡುವ ಚಪ್ಪಾಳೆ. ಚಪ್ಪಾಳೆ ಬೇಕಾದರೆ ಹೆಡೆ ಎತ್ತಿಸಲೇಬೇಕು. ಹಾಗಾಗಿ ಷೋ ಮಾಡಿಸುವವರು ಮೊಬೈಲ್ ಹಿಡಿದು ನಿಂತ ನಾವೇ.

ಕೇರಳ ಇದಕ್ಕೆ ಒಂದು ದಾರಿ ಹುಡುಕಿಕೊಂಡಿದೆ. 2020ರಿಂದ ಅಲ್ಲಿಯ ಅರಣ್ಯ ಇಲಾಖೆ ಹಾವು ಹಿಡಿಯುವವರಿಗೆ ತರಬೇತಿ ಕೊಟ್ಟು, ಪ್ರಮಾಣಪತ್ರ ಕೊಟ್ಟು, 'ಸರ್ಪ' ಅನ್ನುವ ಮೊಬೈಲ್ ಆ್ಯಪ್ ಮೂಲಕ ಹತ್ತಿರದವರನ್ನು ಕಳಿಸುವ ವ್ಯವಸ್ಥೆ ಮಾಡಿತು. ಯಾರು ಹಿಡಿದರು ಅನ್ನುವುದು ದಾಖಲಾಗುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರು ಜಿಲ್ಲೆ ಸೇರಿಸಿ ಇಂಥದ್ದೊಂದು ಶುರು ಮಾಡಲು ಕೋಟಿಗಟ್ಟಲೆ ಬೇಕಿಲ್ಲ. ಪೈಪು, ಚೀಲ, ಕೊಕ್ಕೆ, ಬೂಟು, ಎರಡು ದಿನದ ತರಬೇತಿ, ಒಂದು ವಿಮೆ, ಒಂದು ದಾಖಲೆ ಪುಸ್ತಕ.

ಹಾಗಾದರೆ ಎಷ್ಟು ದೂರ ಬಿಡಬೇಕು? ಹಾವಿನ ಜೊತೆ ಕೆಲಸ ಮಾಡಿದವರು ಹೇಳುವುದು ಹತ್ತಿರಕ್ಕೇ, ಸಾಮಾನ್ಯವಾಗಿ ಒಂದು ಕಿಲೋಮೀಟರ್ ಒಳಗೆ. ಜನ ಓಡಾಡದ, ಪೊದೆಯೋ ಹುತ್ತವೋ ಇರುವ ಕಡೆ. ಅದೇ ದಿನ. ಬಿಸಿಲು ಇಳಿದ ಮೇಲೆ. ಇದನ್ನ ನಮ್ಮ ಓಣಿಯಲ್ಲಿ ಹೇಳಿದಾಗ ಕಾಕು ನನ್ನ ಮೇಲೆ ಎಗರಿಬಿದ್ದರು. "ಒಂದ್ ಕಿಲೋಮೀಟರಾ? ಸಣ್ಣ ಹುಡುಗುರು ಅವ ಮನ್ಯಾಗ, ಹೊಳ್ಳಿ ಬಂದ್ರ?" ಕೇಳಬೇಕಾದ ಮಾತೇ. ಬರುವುದೇ ಇಲ್ಲ ಅಂತ ಯಾರೂ ಬರೆದುಕೊಡಲಾರರು. ಆದರೆ ಒಂದು ಯೋಚಿಸಿ. ಮೊದಲನೆಯದು ದೂರ ಹೋಯಿತು, ಎಂಟು ದಿನಕ್ಕೆ ಎರಡನೆಯದು ಬಂತು. ಸಂದಿ ಖಾಲಿಯಾಗಿತ್ತು, ಇಲಿ ಹಾಗೇ ಇತ್ತು. ಹಾವಿನ ಲೋಕದಲ್ಲೂ ಖಾಲಿ ಮನೆಗೆ ಬಾಡಿಗೆದಾರರು ಬೇಗ ಸಿಗುತ್ತಾರೆ. ಮನೆ ಸುತ್ತ ಒಂದು ಹಾವು ಕಂಡಿದೆ ಅಂದರೆ ಕಾಣದೆ ಓಡಾಡುವವು ಇನ್ನೂ ಇವೆ. ಜೂನ್‌ನಿಂದ ಆಗಸ್ಟ್‌ವರೆಗೆ ನಾಗರಹಾವಿನ ಮೊಟ್ಟೆ ಒಡೆದು ಮರಿ ಹೊರಬರುವ ಕಾಲ. ಒಂದು ಸಲಕ್ಕೆ ಹತ್ತರಿಂದ ಮೂವತ್ತು ಮೊಟ್ಟೆ. ಎಷ್ಟನ್ನ ಅಂತ ಸಾಗಿಸುತ್ತೀರಿ?

ದೂರ ಒಯ್ದು ಬಿಡಬಾರದು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಒಂದೇ ಜಾತಿಯ ಹಾವಾದರೂ ಊರಿಂದ ಊರಿಗೆ ವಿಷದ ಗುಣ ಬದಲಾಗುತ್ತದೆ. ಹಾವಿನ ವಿಷಕ್ಕೆ ಕೊಡುವ ಔಷಧ ಪ್ರತಿವಿಷ, ಅದನ್ನ ಮಾಡುವುದೂ ಹಾವಿನ ವಿಷದಿಂದಲೇ. ನಮ್ಮಲ್ಲಿ ಸಿಗುವ ಪ್ರತಿವಿಷಕ್ಕೆ ಬೇಕಾದ ವಿಷ ಬಹುಪಾಲು ಬರುವುದು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರಿ ಸಂಘದಿಂದ, 1978ರಲ್ಲಿ ಶುರುವಾದದ್ದು ಅದು. ಬೇರೆ ಸೀಮೆಯ ಹಾವು ಕಚ್ಚಿದಾಗ ಆ ಔಷಧ ಕೆಲವೊಮ್ಮೆ ಅಷ್ಟು ಬಿರುಸಾಗಿ ಕೆಲಸ ಮಾಡುವುದಿಲ್ಲ. ಅಂಥದ್ದರಲ್ಲಿ ನಾವೂ ಹಾವುಗಳನ್ನ ಅಲ್ಲಿಂದಿಲ್ಲಿಗೆ ಕಲಸುಮೇಲೋಗರ ಮಾಡಬಾರದು.

ಮನೆಯವರ ಕೈಯಲ್ಲಿ ಇರುವುದು ಹಾವಿನ ಕೆಲಸ ಅಲ್ಲ, ಇಲಿಯ ಕೆಲಸ. ಕಾಳಿನ ಚೀಲ ನೆಲದಿಂದ ಎತ್ತರಕ್ಕೆ, ಕಟ್ಟಿಗೆ, ಕುಳ್ಳು ಮನೆ ಗೋಡೆಯಿಂದ ದೂರಕ್ಕೆ. ಕುಳ್ಳು ತೆಗೆಯುವ ಮುಂಚೆ ಕೋಲಿನಿಂದ ಒಮ್ಮೆ ತಟ್ಟಬೇಕು. ಬಚ್ಚಲ ತೂಬಿಗೆ ಜಾಳಿಗೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಬೆರಳು ಹೋಗುವಷ್ಟು ಜಾಗ ಸಾಕು ಕಟ್ಟುಹಾವಿನ ಮರಿಗೆ. ನೆಲದ ಮೇಲೆ ಮಲಗುವುದಾದರೆ ಸೊಳ್ಳೆ ಪರದೆ ಕಟ್ಟಿ, ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿಕೊಳ್ಳುವುದು. ಸೊಳ್ಳೆಗೂ ಆಯಿತು, ಹಾವಿಗೂ ಆಯಿತು. ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗುವ ನಮ್ಮ ಕಡೆ ಇದು ತೀರಾ ಮುಖ್ಯ. ಫಿನಾಯಿಲ್, ಬೆಳ್ಳುಳ್ಳಿ, ಗಂಧಕ ಯಾವುದಕ್ಕೂ ಹಾವು ಕ್ಯಾರೇ ಅನ್ನುವುದಿಲ್ಲ. ಅಂಗಡಿಯವನಿಗೆ ಮಾತ್ರ ಲಾಭ.

ಹಾವು ಕಂಡಾಗ ಒಬ್ಬರು ಹತ್ತು ಅಡಿ ದೂರ ನಿಂತು ಕಣ್ಣಿಟ್ಟಿರಬೇಕು. ಮಕ್ಕಳು, ನಾಯಿ ಒಳಗೆ. ಅಂಗಳದಲ್ಲಿದ್ದು ತನ್ನ ದಾರಿ ಹಿಡಿದು ಹೊರಟರೆ ಬಿಟ್ಟುಬಿಡಿ, ಹೋಗುವ ಹಾವಿಗೆ ಫೋನ್ ಬೇಕಿಲ್ಲ. ಒಳಗಿದ್ದರೆ ಆ ಕೋಣೆ ಬಾಗಿಲು ಮುಚ್ಚಿ, ಕೆಳಗೆ ಬಟ್ಟೆ ತುರುಕಿ, 1926ಕ್ಕೆ ಕರೆ ಮಾಡಿ.

ಕಚ್ಚಿತು ಅಂದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲುಂಗುರ ತೆಗೆದು, ಕೈಕಾಲು ಅಲುಗಾಡದಂತೆ ಹಲಗೆಗೆ ಸಡಿಲಾಗಿ ಕಟ್ಟಿ, 108ಕ್ಕೆ ಫೋನ್ ಮಾಡಿ ಇಲ್ಲವೇ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ. ಗುಡಿಗೆ ಒಯ್ದು ಮಲಗಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ದೇವರಿಗೆ ಹರಕೆ ಹೊರಲು ಆಸ್ಪತ್ರೆಯ ಬೆಂಚಿನ ಮೇಲೂ ಕೂತು ಹೊರಬಹುದು. ಹಾವನ್ನು ಕೊಂದು ಚೀಲದಲ್ಲಿ ತರುವುದೂ ಬೇಡ. ಮೊದಲು ಹೇಳಿದ ಆ ನಾಲ್ಕು ವಿಷದ ಹಾವಿಗೂ ಕೊಡುವುದು ಒಂದೇ ಪ್ರತಿವಿಷ.

ಪಂಚಮಿ ಬಂದರೆ ಇನ್ನೊಂದು ಸಂಕಟ. ಅಳ್ಳು, ಉಂಡಿ, ಜೋಕಾಲಿ ಎಲ್ಲ ಸರಿ. ನಿಜವಾದ ಹಾವಿಗೆ ಹಾಲು ಕುಡಿಸುವುದು ಮಾತ್ರ ಹಿಂಸೆ. ಹಾವಿಗೆ ಹಾಲು ಅರಗುವುದಿಲ್ಲ. ಬುಟ್ಟಿಯಲ್ಲಿ ತಂದ ಹಾವು ಹಾಲು ಕುಡಿಯಿತು ಅಂದರೆ ಅದನ್ನ ದಿನಗಟ್ಟಲೆ ನೀರಿಲ್ಲದೆ ಒಣಗಿಸಿ ಇಟ್ಟಿದ್ದಾರೆ ಅಂತ ಅರ್ಥ.

ಎರಡನೇ ಹಾವಿನ ಜೊತೆ ನಾನೂ ಹೋದೆ, ಅವರ ಬೈಕಿನ ಹಿಂದೆ ಕೂತು. ಚೀಲವನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಪೆಟ್ಟಿಗೆ ನನ್ನ ಮತ್ತು ಅವರ ನಡುವೆ. ಮೈ ಜುಂ ಅನ್ನುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎಂಟುನೂರು ಮೀಟರ್ ಇರಬಹುದು. ಹಳ್ಳದ ದಂಡೆ, ಜಾಲಿ ಪೊದೆ, ಪಕ್ಕದಲ್ಲಿ ಕಾಲುದಾರಿ ಇಲ್ಲದ ಕಡೆ ಹುಡುಕಿ ನಿಲ್ಲಿಸಿದರು. ಹೊತ್ತು ಮುಳುಗುತ್ತಿತ್ತು. ಗಂಟು ಬಿಚ್ಚಿ, ಚೀಲದ ತಳವನ್ನು ಕೊಕ್ಕೆಯಿಂದ ಮೇಲೆತ್ತಿದರು. ಹಾವು ಹೊರಗೆ ಬಂದು ಒಂದು ಗಳಿಗೆ ಸುಮ್ಮನೆ ಬಿದ್ದಿತ್ತು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಒಣಗಿದ ಜಾಲಿ ಎಲೆಗಳ ಮೇಲೆ ಸರಸರ ಸದ್ದು, ಆಮೇಲೆ ಅದೂ ಇಲ್ಲ.

ಅವರು ಅಂಗಿ ಜೇಬಿನಿಂದ ಸಣ್ಣ ಡೈರಿ ತೆಗೆದರು. ತಾರೀಖು, ಓಣಿ, 'ನಾಗರ, ನಾಲ್ಕು ಫೂಟ', ಬಿಟ್ಟ ಜಾಗ. ಹಿಂದಿನ ಪುಟಗಳೂ ತುಂಬಿದ್ದವು.

"ಇದು ಯಾರಿಗ್ರೀ?" ಅಂದೆ.

"ಯಾರರ ಕೇಳಿದ್ರ ತೋರಿಸ್ಲಿಕ್ಕ ಬೇಕಲ್ರಿ."

"ಕೇಳ್ಯಾರೇನು?"

"ಇನ್ನಾ ಇಲ್ಲರಿ."

ಮರುದಿನ ಭಾನುವಾರ. ಬೂಟು ಹಾಕಿಕೊಂಡು, ಉದ್ದದ ಹಾರೆ ಹಿಡಿದು, ಪರಸಿ ಕಲ್ಲುಗಳನ್ನ ಒಂದೊಂದಾಗಿ ಸರಿಸಿದೆ. ನಾಲ್ಕನೇ ಕಲ್ಲಿನ ಹಿಂದೆ ಇಲಿಯ ಗೂಡು, ಒಳಗೆ ಕಾಕು ಅವರ ಮನೆಯ ತೊಗರಿ ಬೇಳೆ ಒಂದು ಬೊಗಸೆ. ಕಲ್ಲು ಇನ್ನೂ ಹನ್ನೊಂದು ಉಳಿದಿವೆ.